ಜರಿ ಎಳೆ ದೊರೆತಿಲ್ಲ

ಈ ದೇಶದಲ್ಲಿ ಸೈನ್ಯವಿಲ್ಲ.
ಸೈನ್ಯದ ಬಾವುಟ ಮಾತ್ರ ಇದೆ,
ನನ್ನ ಮೇಜಿನ ಮೇಲೆ, ಅಂಗಾತ,
ಜ್ವರ ಬಂದ ಮಗುವಿನ ಹಾಗೆ
ಒದ್ದೆ ಹತ್ತಿಯ ನಡುವೆ.

ಸಾನ್ ಹೊಸೆಯ ಈ ದಿಣ್ಣೆಯ ಕೋಟೆ
ಒಂದು ಕಾಲಕ್ಕೆ ದಂಡಿನ ಠಾಣ್ಯ, ಈಗ ವಸ್ತುಸಂಗ್ರಹಾಲಯ.
ಗೋಪುರದ ಮೈಗೆ ಬಿದ್ದ ಗುಂಡಿನ ಕುಳಿಗಳನ್ನು
ಯಾರೂ ಮೆತ್ತಲಿಲ್ಲ.
ಶಾಲೆಯ ಮಕ್ಕಳು ಬಂದು
ಎಣಿಸುತ್ತಾರೆ, ಲೆಕ್ಕ ತಪ್ಪುತ್ತಾರೆ,
ಚಿಟ್ಟೆಗಳ ತೋಟ ಯಾವ ಕಡೆ ಎಂದು ಕೇಳುತ್ತಾರೆ.

ನಲವತ್ತೆಂಟರ ಡಿಸೆಂಬರ್ ಮೊದಲ ದಿನ
ಸುತ್ತಿಗೆಯೊಂದು ಈ ಗೋಡೆಗೆ ಬಡಿಯಿತು.
ಅಷ್ಟೇ. ಸೈನ್ಯ ಮುಗಿಯಿತು.
ಬಾವುಟಕ್ಕೆ ಯಾರೂ ಹೇಳಿರಲಿಲ್ಲ.
ಪೆಟ್ಟಿಗೆಯಲ್ಲಿ ಮಡಿಕೆಯಾಗಿ
ಮುಂದಿನ ಕವಾಯತಿಗೆ ಕಾಯುತ್ತಲೇ ಇತ್ತು.

ಐದು ಪಟ್ಟೆ: ನೀಲಿ, ಬಿಳಿ, ಕೆಂಪು, ಬಿಳಿ, ನೀಲಿ.
ಕೆಂಪಿನ ಅಗಲ ಉಳಿದವುಗಳ ಇಮ್ಮಡಿ.
ನೀಲಿಯೆಂದರೆ ಆಕಾಶ, ಬಿಳಿಯೆಂದರೆ ಶಾಂತಿ,
ಕೆಂಪೆಂದರೆ ಚೆಲ್ಲಿದ ನೆತ್ತರು
ಎಂದು ಎರಡನೇ ತರಗತಿಯಲ್ಲಿ ಒಂದೇ ಉಸಿರಿಗೆ
ಒಪ್ಪಿಸಿ ಪೇರಲ ಮಿಠಾಯಿ ಗಿಟ್ಟಿಸಿದ್ದೆ.

ಭೂತಗನ್ನಡಿಯ ಕೆಳಗೆ ಪಾಠ ಬೇರೆ.
ನೀಲಿಯೆಂದರೆ ಬಿಸಿಲಿಗೆ ಸೋತ ಬಣ್ಣ.
ಬಿಳಿಯೆಂದರೆ ಚುಟ್ಟದ ಹೊಗೆ, ಜಿರಲೆ ಹಿಕ್ಕೆ.
ಕೆಂಪಿನಲ್ಲಿ ಎರಡು ತುಂಡು:
ಒಂದು ರೇಷ್ಮೆ, ಇನ್ನೊಂದು ಯಾರದೋ ಲಂಗದ ಹತ್ತಿ.
ಗುತ್ತಿಗೆದಾರ ಗಜಕ್ಕಿಷ್ಟು ಎಂದು ನುಂಗಿರಬೇಕು.
ಗಂಡಸರೆಲ್ಲ ಎದೆಯುಬ್ಬಿಸಿ
ಆ ಲಂಗಕ್ಕೂ ಸಲಾಮು ಹೊಡೆದಿದ್ದಾರೆ.

ನಡುವೆ ಲಾಂಛನ. ಮೂರು ಬೆಂಕಿಬೆಟ್ಟ,
ಎರಡು ಕಡಲು, ಕಡಲಿಗೊಂದು ಹಡಗು.
ಹಿಂದೆ ಫಿರಂಗಿಗಳೂ ಇದ್ದವಂತೆ,
ಮುತ್ತಜ್ಜಿಯ ಕಾಲದಲ್ಲೇ ತೆಗೆದರು.
ಅದರ ಕೆಳಗೆ ದಂಡಿನ ಹೆಸರು ಇರಬೇಕಾದಲ್ಲಿ
ಏನೂ ಇಲ್ಲ.

ಕೋಣೆಯ ದೀಪ ಆರಿಸಿ
ಮೇಜಿನ ಗಾಜಿನಡಿಯ ದೀಪ ಹಚ್ಚಿದೆ.
ಸೂಜಿ ತೂತುಗಳು, ನೂರಾರು,
ಒಂದೊಂದರಲ್ಲೂ ಒಂದು ಚುಕ್ಕಿ ಬೆಳಕು.
ಚುಕ್ಕಿಗಳು ಸೇರಿ ಅಕ್ಷರವಾದವು,
ಅಕ್ಷರ ಸೇರಿ: ಮೂರನೆಯ ತುಕಡಿ.
ಯಾರೋ ಕತ್ತರಿಯಿಲ್ಲದೆ, ಅವಸರವಿಲ್ಲದೆ,
ಬಟ್ಟೆಗೆ ನೋವಾಗದ ಹಾಗೆ
ಜರಿಯನ್ನೆಲ್ಲ ಬಿಡಿಸಿಕೊಂಡು ಹೋಗಿದ್ದಾರೆ.

ಆ ಕೈ ನನಗೆ ಗೊತ್ತು.

ಅಜ್ಜಿ ಒತಿಲಿಯಾ ಇದೇ ಠಾಣ್ಯದ ಬಟ್ಟೆ ಒಗೆಯುತ್ತಿದ್ದಳು.
ಮೂರು ತಿಂಗಳ ಸಂಬಳ ಬಾಕಿಯಿರುವಾಗ
ಸೈನ್ಯ ರದ್ದಾಯಿತು.
ಒಳ್ಳೆಯದೇ ಆಯಿತು ಎಂದಳಂತೆ,
ಆದರೆ ಇಲ್ಲದ ಸೈನ್ಯವನ್ನು
ಕಾಸು ಕೊಡು ಎಂದು ಎಲ್ಲಿ ಹೋಗಿ ಕೇಳುವುದು?

ಮರುವರ್ಷ ಅಮ್ಮ ಹುಟ್ಟಿದಳು.
ಅಮ್ಮನ ನಾಮಕರಣದ ಅಂಗಿ,
ಆಮೇಲೆ ಚಿಕ್ಕಮ್ಮನದು, ಅಕ್ಕನದು, ನನ್ನದು:
ಕಾಲಬಳಿಯ ಅಂಚಿನಲ್ಲಿ
ಜರಿಯ ಅಲೆ, ಅಲೆಯ ಮೇಲೊಂದು ಅಲೆ.
ಎಲ್ಲಿಂದ ತಂದೆ ಎಂದರೆ ಅಜ್ಜಿ,
ಸರ್ಕಾರ ಕೊಟ್ಟಿತು, ಎನ್ನುತ್ತಿದ್ದಳು.
ನಾವು ನಗುತ್ತಿದ್ದೆವು.

ರಾತ್ರಿ ಮನೆಯಲ್ಲಿ ಆ ಅಂಗಿ ತೆಗೆದು
ಬಿಚ್ಚಿಕೊಂಡಿದ್ದ ಎಳೆಯೊಂದನ್ನು ಅಳತೆಗೋಲಿನ ಪಕ್ಕ ಇಟ್ಟೆ.
ಒಮ್ಮೆ ಹೊಲಿಗೆ ಕಂಡ ಜರಿ
ಹಳೆಯ ಮಡಿಕೆಯನ್ನು ಮರೆಯುವುದಿಲ್ಲ.
ಮೂರು ಮಿಲಿಮೀಟರಿಗೊಂದು ಸೊಟ್ಟ,
ಮೂರು ಮಿಲಿಮೀಟರಿಗೊಂದು ತೂತು.

ದಾಖಲೆ ಪುಸ್ತಕದಲ್ಲಿ ಎಲ್ಲ ಬರೆದೆ:
ಉದ್ದ, ಅಗಲ, ಕಲೆ, ಲಂಗದ ಹತ್ತಿ.
ಜರಿ ಎಳೆ ಎಂಬಲ್ಲಿ ಪೆನ್ನು ತುಸು ನಿಂತಿತು.
ದೊರೆತಿಲ್ಲ, ಎಂದು ಬರೆದೆ.
ಕೆಳಗೆ ಸಹಿ: ಯಾಮಿಲೆತ್ ಕಿರೋಸ್.
ಸುಳ್ಳಿಗೆ ಇಷ್ಟು ದುಂಡಗೆ
ಹಿಂದೆಂದೂ ರುಜು ಹಾಕಿರಲಿಲ್ಲ.

ಕಳೆದ ಭಾನುವಾರ ಎರೆದಿಯಾದಲ್ಲಿ
ಅಕ್ಕನ ಮೊಮ್ಮಗಳಿಗೆ ಆ ಅಂಗಿ ತೊಡಿಸಿದರು.
ಪಾದ್ರಿ ನೀರು ಹನಿಸುವ ಮೊದಲೇ
ಅವಳು ಮೂರನೆಯ ತುಕಡಿಯ ಮೇಲೆ
ಧಾರಾಳವಾಗಿ ಉಚ್ಚೆ ಹೊಯ್ದಳು.

ಒಗೆದು ನೆರಳಿಗೆ ಹರವಿದ್ದೇನೆ.
ಜರಿ ಕಪ್ಪಾಗಿಲ್ಲ.